ಚಿಕ್ಕಿಯಂಥ ಹಲಗೆಗೆ ಬೂಷ್ಟು

ಮೈಸೂರಿನ ಓದುಗರೊಬ್ಬರು ನ್ಯೂಜೆರ್ಸಿಯ ಮಗಳ ಮನೆಯಿಂದ ಬರೆದಿದ್ದಾರೆ. ಹಿತ್ತಲ ಬಾಗಿಲಾಚೆಯ ಡೆಕ್, ಅಂದರೆ ಹಲಗೆ ಹಾಸಿದ ಜಗಲಿ, ಅದರ ತುಂಬ ಕಪ್ಪು ಚುಕ್ಕೆ. ಉಜ್ಜಿ ತೊಳೆದರೆ ಮಾಯ, ನಾಲ್ಕು ಮಳೆ ಬಿದ್ದರೆ ಮತ್ತೆ ಹಾಜರ್. ‘ಇದು ಪ್ಲಾಸ್ಟಿಕ್ ಬೆರೆಸಿದ ಹಲಗೆ, ಬೂಷ್ಟು ಹಿಡಿಯೋದೇ ಇಲ್ಲ ಅಂತಾರೆ ಅಳಿಯಂದಿರು. ನಮ್ಮನೆಯವಳು ದೃಷ್ಟಿ ಅಂತ ನಿಂಬೆಹಣ್ಣು ಕಟ್ಟಿದ್ದಾಳೆ. ಯಾರದು ಸರಿ?’

ಇಬ್ಬರದೂ ಅಲ್ಲ. ನಿಂಬೆಹಣ್ಣು ಬಿಚ್ಚಿ ಪಾನಕ ಮಾಡಿಕೊಳ್ಳಿ. ಅಳಿಯಂದಿರದೂ ಮೂಢನಂಬಿಕೆಯೇ, ಜಾಹೀರಾತು ಹಬ್ಬಿಸಿದ್ದು.

ಈ ಹಲಗೆಯಲ್ಲಿ ಹೆಚ್ಚುಕಡಿಮೆ ಅರ್ಧ ಮರದ ಹುಡಿ. ಉಳಿದದ್ದು ಸಾಮಾನ್ಯವಾಗಿ ಪಾಲಿಎಥಿಲೀನ್, ಹಾಲಿನ ಪ್ಯಾಕೆಟ್ಟಿನ ಜಾತಿ. ಕಡಲೆಕಾಯಿ ಚಿಕ್ಕಿ ನೆನೆಸಿಕೊಳ್ಳಿ. ಬೀಜ ಕಮ್ಮಿಯಿದ್ದರೆ ಒಂದೊಂದೂ ಬೆಲ್ಲದ ಪಾಕದಲ್ಲಿ ಪೂರ್ತಿ ಮುಳುಗಿರುತ್ತದೆ. ಬೀಜ ಸುರಿಯುತ್ತ ಹೋದಂತೆ ಒಂದಕ್ಕೊಂದು ತಾಗಿ, ಈ ಅಂಚಿನಿಂದ ಆ ಅಂಚಿಗೆ ಬೀಜದ್ದೇ ಸಾಲು. ಹಲಗೆಯೊಳಗೂ ಮರದ ಕಣಗಳು ಹೀಗೆ ತಾಗಿಕೊಂಡೇ ಇರುತ್ತವೆ. ನೀರು ಒಂದರಿಂದ ಇನ್ನೊಂದಕ್ಕೆ, ಬಲು ನಿಧಾನವಾಗಿ, ದಾಟುತ್ತದೆ. ಹೊರಗಿನ ಕೆಲವೇ ಮಿಲಿಮೀಟರು ತೋಯ್ದರೂ ಶಿಲೀಂಧ್ರಕ್ಕೆ ಊಟ ಸಿದ್ಧ. ಗರಗಸ ಆಡಿಸಿದ ತುದಿಯಂತೂ ಮುರಿದ ಚಿಕ್ಕಿಯೇ. ಅಂಥದೊಂದು ತುಂಡು ನನ್ನ ಮೇಜಿನ ಮೇಲಿದೆ. ಭೂತಗನ್ನಡಿ ಹಿಡಿದರೆ ಕಂದು ನಾರುಗಳು ಹೊರಗಿಣುಕುತ್ತವೆ.

ಪ್ಲಾಸ್ಟಿಕ್ಕಿನ ಕವಚದಲ್ಲಿ ಮರ ಸುಭದ್ರ ಎಂದು ತಯಾರಕರೂ ನಂಬಿದ್ದ ಕಾಲವೊಂದಿತ್ತು. ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಜೌಗಿನಲ್ಲಿ ಕಾಲುದಾರಿಗೆ ಇಂಥ ಹಲಗೆ ಹಾಸಿದ್ದರು. ಕೆಲವೇ ವರ್ಷಗಳಲ್ಲಿ ಮರ ಕೊಳೆಸುವ ಶಿಲೀಂಧ್ರಗಳು ಅದರಲ್ಲಿ ಸಂಸಾರ ಹೂಡಿದ್ದನ್ನು ಮಾರಿಸ್ ಮತ್ತು ಕೂಪರ್ ಎಂಬ ಸಂಶೋಧಕರು 1998ರಲ್ಲಿ ವರದಿ ಮಾಡಿದರು. ನನಗಂತೂ ಶಿಲೀಂಧ್ರದ ಮೇಲೆ ಗೌರವವೇ ಹುಟ್ಟಿತು: ಪಾಕ ಬಿಟ್ಟು ಬೀಜ ಮಾತ್ರ ಆರಿಸಿ ತಿನ್ನುವ ಮಕ್ಕಳ ಜಾಣತನ ಅದಕ್ಕೆ! ಈಚಿನ ಹಲಗೆಗಳಿಗೆ ಬರೀ ಪ್ಲಾಸ್ಟಿಕ್ಕಿನ ಮೇಲ್ಹೊದಿಕೆ ಬಂದಿದೆ. ಕೆಲವಕ್ಕೆ ತಳಭಾಗದಲ್ಲಿ ಅದೂ ಇಲ್ಲ.

ನಿಮ್ಮ ಚುಕ್ಕೆ ಬಹುಶಃ ಮೇಲ್ಮೈ ಬೂಷ್ಟು. ನೋಟ ಕೆಡುತ್ತದೆ, ಹಲಗೆಯ ಗಟ್ಟಿತನಕ್ಕೆ ಧಕ್ಕೆಯಿಲ್ಲ. ಸಂದಿಯಲ್ಲಿ ಸಿಕ್ಕ ತರಗೆಲೆ ತೆಗೆಸಿ, ಅಡಿಯಲ್ಲಿ ಗಾಳಿಯಾಡಲಿ. ಆಮೇಲೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಪುಡಿ ಉದುರಿದರೆ ಅದು ಬೇರೆಯೇ ಕಾಯಿಲೆ. ಬಿಸಿಲು, ಶಾಖಕ್ಕೆ ಪ್ಲಾಸ್ಟಿಕ್ಕೇ ಆಮ್ಲಜನಕದ ಜತೆ ಸೇರಿ, ಅದರ ಉದ್ದುದ್ದ ಅಣುಗಳು ತುಂಡಾಗಿರುತ್ತವೆ. ಹಲಗೆ ತಯಾರಿಸುವಾಗ ಇದನ್ನು ತಡೆಯುವ ಆಂಟಿಆಕ್ಸಿಡೆಂಟನ್ನು ಜಿಪುಣತನದಿಂದ ಹಾಕಿದರೆ ಹೀಗಾಗುತ್ತದೆ. ನಮ್ಮ ತಾರಸಿಯ ಬಟ್ಟೆ ಕ್ಲಿಪ್ಪು ಎರಡು ಬೇಸಿಗೆಗೆ ಬೆರಳಲ್ಲೇ ಮುರಿಯುವುದೂ ಇಂಥದ್ದೇ ಕಾರಣಕ್ಕೆ. ಹಾಗಾಗಿದ್ದರೆ ತೊಳೆಯುವ ಶ್ರಮ ಬೇಡ. ವಾರಂಟಿ ಕಾಗದ ಎಲ್ಲಿಟ್ಟಿದ್ದೀರಿ ಅಂತ ಅಳಿಯಂದಿರನ್ನು ಕೇಳಿ.