ಪಾದ್ರಿ ಬ್ಯೂಷಿಂಗನ ಭೂವಿವರಣೆ

ಭೂಗೋಳವೆಂದರೆ ನದೀಪರ್ವತಗಳ ನಾಮಾವಳಿಯೆಂದೆಣಿಸುವವರು ಆಂಟನ್ ಫ್ರೀಡ್ರಿಖ್ ಬ್ಯೂಷಿಂಗ್ ಎಂಬ ಜರ್ಮನ್ ಪಾದ್ರಿಯ ಚರಿತ್ರೆಯನ್ನು ಅವಶ್ಯವಾಗಿ ಅರಿಯಬೇಕೆಂಬುದು ನಮ್ಮ ಅಭಿಪ್ರಾಯ. 1724ರಲ್ಲಿ ಜನಿಸಿ, ಹಾಲೆಯಲ್ಲಿ ಮತಶಾಸ್ತ್ರವನ್ನು ವ್ಯಾಸಂಗಮಾಡಿದ ಈತನು ಪ್ರಭುಪುತ್ರನೊಬ್ಬನ ಉಪಾಧ್ಯಾಯನಾಗಿ ರಷ್ಯಕ್ಕೆ ತೆರಳಿದಾಗ, ಅಂದಿನ ಭೂಗೋಳಗ್ರಂಥಗಳು ಪ್ರಯಾಣಿಕನಿಗೆ ಎಷ್ಟು ನಿರುಪಯುಕ್ತವೆಂಬುದು ಮನವರಿಕೆಯಾಯಿತು. 1754ರಿಂದ ಪ್ರಕಟವಾಗತೊಡಗಿದ ಅವನ 'ನೂತನ ಭೂವಿವರಣೆ'ಯು ಆಯಾ ರಾಜ್ಯಗಳ ಜನಸಂಖ್ಯೆ, ಆದಾಯ, ವ್ಯಾಪಾರ, ಆಡಳಿತಗಳನ್ನು ಅಂಕಿಗಳೊಡನೆ ನಿರೂಪಿಸಿತು. ಶಾಲೆಗಳಿಗಾಗಿ ಅದರ ಸಂಗ್ರಹವನ್ನೂ ಅವನೇ ರಚಿಸಿದನು.

ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದಾಗ, ಮತತತ್ತ್ವಕ್ಕೆ ಬೈಬಲೊಂದೇ ಆಧಾರವಾಗಿರಬೇಕೆಂದು 1756ರಲ್ಲಿ ಬರೆದುದಕ್ಕಾಗಿ, ಅಪ್ಪಣೆಯಿಲ್ಲದೆ ಮತವಿಷಯವಾಗಿ ಏನನ್ನೂ ಪ್ರಕಟಿಸಕೂಡದೆಂದು ಸರ್ಕಾರವು ಅವನಿಗೆ ಆಜ್ಞಾಪಿಸಿತು. ಅಂಕಿಗಳಿಗೆ ಮಾತ್ರ ಆ ನಿರ್ಬಂಧವಿರಲಿಲ್ಲ! 1761ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪಾದ್ರಿಯಾಗಿ, 1766ರಿಂದ ಬರ್ಲಿನ್ನಿನ ಪ್ರಸಿದ್ಧ ಪಾಠಶಾಲೆಯೊಂದರ ಮುಖ್ಯಾಧಿಕಾರಿಯಾಗಿ ದುಡಿದನು. 1793ರಲ್ಲಿ ಅವನು ದಿವಂಗತನಾದಾಗ ಯೂರೋಪಿನ ವಿವರಣೆಯು ಮುಗಿದಿತ್ತು. ಏಷ್ಯಾಖಂಡದ್ದು ಒಂದು ಭಾಗ ಮಾತ್ರ.