ಸಾಲ್ಕಣಿಯ ತರುಣರು

ಯುವಕ ಮಂಡಳಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಚೌತಿಯ ಗಣಪತಿ. ಇಲ್ಲವೇ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಆಡುವ ಸಾಮಾಜಿಕ ನಾಟಕ. ಚಂದಾ ಎತ್ತುವುದು, ಚಪ್ಪರ ಹಾಕುವುದು, ಮರುದಿನ ಲೆಕ್ಕ ಹೊಂದದೆ ಜಗಳವಾಡುವುದು, ಇಷ್ಟರಲ್ಲಿ ಮಂಡಳಿಯ ವರ್ಷ ಮುಗಿಯಿತೆಂದು ಹಿರಿಯರು ನಗುವುದುಂಟು. ಶಿರಸಿ ತಾಲೂಕಿನ ಸಾಲ್ಕಣಿಯ ಲಕ್ಷ್ಮೀನರಸಿಂಹ ಯುವಕ ಮಂಡಳಿ 1983ರ ಮಳೆಗಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಮಾತ್ರ ನಗುವಂಥದಾಗಿರಲಿಲ್ಲ. ನೆರೆಯ ಕಾಡಿಗೆ ಕೊಡಲಿ ಬರಲಿದೆಯೆಂದು ತಿಳಿದಾಗ ಆ ತರುಣರು ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರನ್ನು ತಮ್ಮಲ್ಲಿಗೆ ಕರೆಸಿದರು. ಅವರ ಮಾತು ಕೇಳಿದರು. ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗಲಿಲ್ಲ. ಸೆಪ್ಟೆಂಬರ್ 8ರಂದು ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 160 ಮಂದಿ ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿ ನಿಂತರು. ಸೆಪ್ಟೆಂಬರೆಂದರೆ ಆ ಸೀಮೆಯಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಕಾಲಿಗೆ ಉಂಬಳ ಹತ್ತುವ ಕಾಲ. ಹಾಗೆ 38 ದಿನ ನಡೆಯಿತು. ಕಡೆಗೆ ಸರಕಾರ ಕಡಿತದ ಆಜ್ಞೆಯನ್ನು ಹಿಂತೆಗೆದುಕೊಂಡಿತು.

ಇದೇ ಅಪ್ಪಿಕೋ ಚಳವಳಿಯ ಆರಂಭ. ಹೆಸರಿನ ಬಗ್ಗೆ ಒಂದು ಮಾತು. ಹಿಂದಿಯ ‘ಚಿಪ್ಕೋ’ ಎಂದರೆ ಅಂಟಿಕೊಳ್ಳುವುದು. ಅದನ್ನು ಹಾಗೆಯೇ ಎರವಲು ತಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ನಮ್ಮವರು ಕನ್ನಡದಲ್ಲಿ ‘ಅಪ್ಪಿಕೊ’ ಎಂದರು. ‘ಅಪ್ಪು’ ಎಂದಷ್ಟೇ ಅಂದಿದ್ದರೂ ಅರ್ಥವಾಗುತ್ತಿತ್ತು. ‘ಕೊಳ್ಳು’ ಸೇರಿದಾಗ ಕ್ರಿಯೆಯ ಫಲ ಮಾಡಿದವನ ಕಡೆಗೇ ತಿರುಗುತ್ತದೆಂಬುದು ವ್ಯಾಕರಣ ಓದಿದವರಿಗೆಲ್ಲ ಗೊತ್ತು. ಬರೆ ಎಂದರೆ ಯಾರಿಗಾದರೂ ಬರೆಯಬಹುದು, ಬರೆದುಕೊ ಎಂದರೆ ತನಗಾಗಿ. ಮರವನ್ನು ಅಪ್ಪಿಕೊಂಡವರು ಮರಕ್ಕೆ ಉಪಕಾರ ಮಾಡುತ್ತಿದ್ದೇವೆಂದು ಭಾವಿಸಿರಲಿಲ್ಲ. ಅವರು ಕಾಯುತ್ತಿದ್ದುದು ತಮ್ಮ ತೋಟದ ನೀರನ್ನು, ಗೊಬ್ಬರದ ಸೊಪ್ಪನ್ನು, ಕೊಟ್ಟಿಗೆಗೆ ಹಾಸುವ ದರಕನ್ನು.

ಆ ಕಡೆಯ ಅಡಿಕೆ ತೋಟವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತೋಟವಿರುವುದು ಕಣಿವೆಯ ತಳದಲ್ಲಿ. ಸೊಪ್ಪಿನ ಬೆಟ್ಟ ಅದರ ನೆತ್ತಿಯಲ್ಲಿ. ಅದಕ್ಕೂ ಆಚೆ ಕಾಡು. ಮೇಲೆ ಬಿದ್ದ ಮಳೆಯನ್ನು ಕಾಡಿನ ನೆಲ ಹೀರಿ ಹಿಡಿದು, ತಿಂಗಳುಗಟ್ಟಲೆ ಒರತೆಯಾಗಿ ಕೆಳಗೆ ಬಿಡುತ್ತದೆ. ಮೇಲಿನದು ಬೋಳಾದರೆ ಆಷಾಢದಲ್ಲಿ ಕೆಂಪು ನೀರು ತೋಟಕ್ಕೆ ನುಗ್ಗುತ್ತದೆ, ಫಾಲ್ಗುಣದಲ್ಲಿ ಹಳ್ಳ ಒಣಗುತ್ತದೆ. ಎಕರೆಗೆ ಇಂತಿಷ್ಟೇ ಮರ ಕಡಿಯುವುದು ಶಾಸ್ತ್ರೀಯವಾದ ಕ್ರಮವೆಂದು ಅಧಿಕಾರಿಗಳು ವಾದಿಸಿದಾಗ ಊರವರು ಅವರನ್ನು ಕಾಡಿಗೇ ಕರೆದರು. ನಿತ್ಯಹರಿದ್ವರ್ಣದ ಕಾಡಿನಲ್ಲಿ ಬಳ್ಳಿಗಳು ಮರದಿಂದ ಮರಕ್ಕೆ ಹೆಣೆದುಕೊಂಡಿರುತ್ತವೆ. ಒಂದು ದೊಡ್ಡ ಮರ ಬೀಳುವಾಗ ನೆರೆಯ ಹಲವನ್ನು ಎಳೆದುಕೊಂಡೇ ಬೀಳುತ್ತದೆ. ಕಾಗದದ ಲೆಕ್ಕದಲ್ಲಿ ಒಂದು, ನೆಲದ ಮೇಲೆ ಹಲವು. ಶಾಸ್ತ್ರವನ್ನು ಅಲ್ಲಗಳೆಯದೆ ಶಾಸ್ತ್ರಜ್ಞರನ್ನು ಸ್ಥಳಕ್ಕೆ ಕರೆದುದು ಆ ತರುಣರ ವಿವೇಕವೆಂದು ನನಗೆ ತೋರುತ್ತದೆ.

ಆ ಮೇಲೆ ಚಳವಳಿ ಸಿದ್ದಾಪುರದ ಕಡೆಗೂ ಘಟ್ಟದ ಬೇರೆ ಭಾಗಗಳಿಗೂ ಹಬ್ಬಿತು. ಪಾಂಡುರಂಗ ಹೆಗಡೆ ಮತ್ತು ಅವರ ಸಂಗಡಿಗರು ಅದನ್ನು ಸಾಗಿಸಿದ ರೀತಿ ಕುತೂಹಲಕರವಾದುದು. ಕಾಡಿನ ಒಳಗಿನ ಹಳ್ಳಿಗಳಿಗೆ ಪಾದಯಾತ್ರೆ. ಸಂಜೆ ಸೇರಿದವರಿಗೆ ಸ್ಲೈಡು ಪ್ರದರ್ಶನ. ಜಾನಪದ ಕುಣಿತ, ಬೀದಿ ನಾಟಕ. ರಾತ್ರಿಯಿಡೀ ಯಕ್ಷಗಾನ ನೋಡಿ, ತಾಳಮದ್ದಳೆಯ ಅರ್ಥಕ್ಕೆ ಕಿವಿಗೊಟ್ಟು ಬೆಳೆದ ಜನಕ್ಕೆ ಸೇರಿ ಕೂತು ಕೇಳುವುದು ಹೊಸತಲ್ಲ. ಹೇಳಬೇಕಾದುದನ್ನು ಉಳಿಸು, ಬೆಳೆಸು, ಬಳಸು ಎಂಬ ಮೂರು ಕ್ರಿಯಾಪದಗಳಲ್ಲಿ ಹೇಳಿದರು. ಮೂರನೆಯದನ್ನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಕಾಡನ್ನು ಮುಟ್ಟಬೇಡಿರೆಂದು ಬೋಧಿಸಿದ್ದರೆ ಸೌದೆ ತರುವ ಹೆಂಗಸು ಎದ್ದು ಹೋಗುತ್ತಿದ್ದಳು.

ಆ ಸಭೆಗಳಲ್ಲಿ ಭೂಮಿಯ ಹವಾಗುಣದ ಮಾತು ಬಂದದ್ದು ಕಡಮೆ. ಹವಾಯಿ ದ್ವೀಪದ ಮೌನಾ ಲೋವಾ ಶಿಖರದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈ ಆಕ್ಸೈಡು ಸುಮಾರು 315 ಭಾಗವಿತ್ತು. ಸಾಲ್ಕಣಿಯವರು ಮರ ತಬ್ಬಿದ ವರ್ಷ ಸುಮಾರು 343. ಈಗ 420ನ್ನೂ ಮೀರಿದೆ. ಒಣಮರದ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಇಂಗಾಲವೇ ಆದ್ದರಿಂದ, ನಿಂತ ಕಾಡೆಂದರೆ ಗಾಳಿಗೆ ಸೇರದೆ ಉಳಿದ ಇಂಗಾಲ. ತೋಟದ ಹಳ್ಳಕ್ಕಾಗಿ ಕಾದ ಜನ ಅರಿಯದೆಯೇ ಆಕಾಶವನ್ನೂ ಒಂದಿಷ್ಟು ಕಾದರು.

ಇಂದಿನ ತರುಣರಿಗೆ ಅರಿವಿನ ಕೊರತೆಯಿಲ್ಲ. 2018ರ ಆಗಸ್ಟಿನಲ್ಲಿ ಸ್ವೀಡನ್ನಿನ ಪಾರ್ಲಿಮೆಂಟಿನ ಹೊರಗೆ ಗ್ರೇಟಾ ಥುನ್‌ಬರ್ಗ್ ಎಂಬ 15 ವರ್ಷದ ಹುಡುಗಿ ಶಾಲೆ ಬಿಟ್ಟು ಕುಳಿತಳು. ಮರುವರ್ಷ ಸೆಪ್ಟೆಂಬರಿನಲ್ಲಿ ದೇಶದೇಶಗಳ ವಿದ್ಯಾರ್ಥಿಗಳು ಲಕ್ಷಗಟ್ಟಲೆ ಬೀದಿಗಿಳಿದರು. ನಮ್ಮ ನಗರಗಳಲ್ಲೂ ಫಲಕ ಹಿಡಿದವರಿದ್ದರು. ಆದರೆ ಇವರ ಕೆಲಸ ಸಾಲ್ಕಣಿಯವರದಕ್ಕಿಂತ ಕಠಿಣವಾದುದು. ಅಲ್ಲಿ ಕೊಡಲಿಯಿತ್ತು, ಹಿಡಿದ ಕೈಯಿತ್ತು, ಅದರ ಹಿಂದೆ ಕಂತ್ರಾಟುದಾರನಿದ್ದ. ಎದುರು ಹೋಗಿ ನಿಲ್ಲಬಹುದಾಗಿತ್ತು. ಹೊಗೆಯನ್ನು ಯಾರು ತಬ್ಬುವುದು? ಸಭೆಗೆ ನಾವು ಏರಿ ಬಂದ ಸ್ಕೂಟರಿನಿಂದಲೂ ಅದು ಬರುತ್ತದೆ.

ಫಲಕಗಳ ಭಾಷೆಯನ್ನೂ ಸ್ವಲ್ಪ ನೋಡಬೇಕು. ಹವಾಮಾನ ಬೇರೆ, ಹವಾಗುಣ ಬೇರೆ. ಮೊದಲನೆಯದು ಇಂದು ಸಂಜೆಯ ಮಳೆ, ಎರಡನೆಯದು ಹಲವು ದಶಕಗಳ ಸ್ವಭಾವ. ಎರಡನ್ನೂ ಒಂದೇ ಮಾಡಿ ಹೇಳಿದರೆ, ‘ಈ ವರ್ಷ ಚಳಿ ಜೋರಲ್ಲವೆ?’ ಎಂದು ಒಬ್ಬ ಎದ್ದು ಕೇಳಿದಾಗ ಭಾಷಣಕಾರನಿಗೆ ಉತ್ತರ ಹೊಳೆಯುವುದಿಲ್ಲ. ಜೂನ್ 5ರ ಸಸಿ ನೆಡುವ ಸಮಾರಂಭದ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ನಿಲ್ಲುವ ಸೌಕರ್ಯ ಮುಖ್ಯ ಅತಿಥಿಗಳಿಗೆ ಮಾತ್ರ ಇಷ್ಟವಾದೀತು.

ಊರಿನ ಅನುಭವದಿಂದ ತೊಡಗಿದರೆ ಮಾತು ಬೇರೆಯಾಗುತ್ತದೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಹಿಡಿಯಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಹಾಗಾಗಿ ಸುರಿದಾಗ ಮಳೆ ಒಮ್ಮೆಗೇ ಸುರಿಯುವ ಸಂಭವ ಹೆಚ್ಚು. 2018ರ ಕೊಡಗನ್ನು ಕಂಡವರಿಗೆ, 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳು ಮಣ್ಣಿನೊಡನೆ ಜಾರಿದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಲ್ಲ ಕುಸಿತಕ್ಕೂ ಹವಾಗುಣವೇ ಕಾರಣವೆನ್ನುವುದು ಮಾತ್ರ ಅತಿಯಾದೀತು. ಗುಡ್ಡವನ್ನು ಗೋಡೆಯಂತೆ ಕೊರೆದವರೂ ನಾವೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದಾಗ ಆ ಮಾತೂ ಎದ್ದಿತ್ತು. ಅಡಿಕೆಗೆ ಕೊಳೆ ಬಂದದ್ದು, ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡದಿದ್ದುದು, ಇಂಥದರಿಂದ ಆರಂಭವಾದ ಸಭೆಯಲ್ಲಿ ಕೇಳುವವರೇ ಮಾತನಾಡತೊಡಗುತ್ತಾರೆ.

ಮಲೆನಾಡಿನ ಹಳ್ಳಿಗಳಲ್ಲಿ ಅಂಥ ಸಭೆ ಕರೆಯುವವರು ಯಾರು ಎಂಬುದೇ ಈಗಿನ ಚಿಂತೆ. 1983ರ ತರುಣರ ತಲೆ ನೆರೆತಿದೆ. ಬಹುಗುಣರು 2021ರಲ್ಲಿ ತೀರಿಕೊಂಡರು. ಮನೆಮನೆಯ ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಇನ್ನೂ ದೂರದಲ್ಲಿ. ಚೌತಿಗೆ ಬಂದು ಹೋಗುತ್ತಾರೆ. ತೋಟದಲ್ಲಿ ತಂದೆ ತಾಯಿ ಇಬ್ಬರೇ. ಮಂಡಳಿಯ ಫಲಕವಿದ್ದರೂ ಮಂಡಳಿಯಿಲ್ಲದ ಊರುಗಳಿವೆ.

ಶಾಲೆಗಳು ಇನ್ನೂ ಉಳಿದಿವೆ. 2010ರ ಸುಮಾರಿಗೆ ಬೆಂಗಳೂರಿನಲ್ಲಿ ಹುಟ್ಟಿದ ‘ಸೀಸನ್‌ವಾಚ್’ ಎಂಬ ಯೋಜನೆ ಶಾಲೆಯ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಟ್ಟಿತು. ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಹೋಗಿ ಚಿಗುರಿದೆಯೆ, ಹೂ ಬಿಟ್ಟಿದೆಯೆ, ಕಾಯಿ ಕಟ್ಟಿದೆಯೆ ಎಂದು ನೋಡಿ ಬರೆದಿಡಬೇಕು. ಕೇರಳದ ಶಾಲೆಗಳು ಇದರಲ್ಲಿ ಮುಂದೆ ನಿಂತವು. ಅಲ್ಲಿ ಏಪ್ರಿಲ್ ನಡುವಿನ ವಿಷುವಿಗೆ ಕಕ್ಕೆಯ ಹೂ ಬೇಕು. ಆ ಹೂ ಎಷ್ಟೋ ಕಡೆ ಹಬ್ಬಕ್ಕೆ ವಾರಗಳ ಮುಂಚೆಯೇ ಅರಳುತ್ತಿರುವುದು ಮಕ್ಕಳ ಪುಸ್ತಕದಲ್ಲಿ ದಾಖಲಾಗಿದೆ. ನಮ್ಮ ಘಟ್ಟದ ಶಾಲೆಯ ಹಿಂದೆಯೂ ಮತ್ತಿ, ನಂದಿ, ಮುರುಗಲು ನಿಂತಿರುತ್ತವೆ. ಮಕ್ಕಳು ಬರೆದದ್ದನ್ನು ವರ್ಷಕ್ಕೊಮ್ಮೆ, ಶಾಲಾ ವಾರ್ಷಿಕೋತ್ಸವದ ರಾತ್ರಿ, ನಾಟಕಕ್ಕೆ ಮೊದಲು ಊರವರ ಮುಂದೆ ಓದಿಸಿದರೆ ಹತ್ತು ನಿಮಿಷ ಹಿಡಿದೀತು. ಅಜ್ಜನೊಬ್ಬ ಎದ್ದು, ತನ್ನ ಕಾಲದಲ್ಲಿ ಆ ಮರ ಹೂ ಬಿಡುತ್ತಿದ್ದುದು ಯಾವ ತಿಂಗಳೆಂದು ಹೇಳಿಯಾನು. ಅದನ್ನೂ ಬರೆದುಕೊಳ್ಳಬೇಕು.