ಆಧಾರ್ ಮಾಡಿಸುವ ಮುನ್ನ: ಹೆಸರು, ಜನ್ಮ ದಿನಾಂಕ ಮತ್ತು ನಮ್ಮ ದಾಖಲೆಗಳು

ಮದುವೆಯ ಮಾತುಕತೆ ಮುಗಿದ ಮೇಲೆ ಧರ್ಮಕೇಂದ್ರದ ಕಚೇರಿಗೆ ಬಂದು ಜ್ಞಾನಸ್ನಾನದ ಪ್ರಮಾಣಪತ್ರ ಕೇಳುವುದು ಹಳೆಯ ರೂಢಿ. ಈಗ ಆಧಾರ್ ಮಾಡಿಸಲಿಕ್ಕೂ, ಆಧಾರ್‌ನಲ್ಲಿರುವ ತಪ್ಪು ತಿದ್ದಲಿಕ್ಕೂ ಅದೇ ಪತ್ರ ಸಾಕೆಂದು ತಿಳಿದು ಬರುವವರಿದ್ದಾರೆ. ಆ ಪತ್ರ ಆಧಾರ್ ಕೇಂದ್ರದಲ್ಲಿ ನಡೆಯುವುದಿಲ್ಲವೆಂದು ಅವರಿಗೆ ಗೊತ್ತಾಗುವುದು ಅರ್ಧ ದಿನ ಸಾಲಿನಲ್ಲಿ ನಿಂತ ಮೇಲೆ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲು ಮನೆಯಲ್ಲಿ ಏನೇನು ಸಿದ್ಧಮಾಡಿಕೊಳ್ಳಬೇಕು ಎಂಬುದನ್ನು ನಮ್ಮ ವಿಶ್ವಾಸಿಗಳಿಗೂ ಧರ್ಮಕೇಂದ್ರದ ಕಾರ್ಯಕರ್ತರಿಗೂ ಇಲ್ಲಿ ತಿಳಿಸಲು ಬಯಸುತ್ತೇವೆ.

ಆಧಾರ್ ಎಂದರೇನು?

ಆಧಾರ್ ಎಂಬುದು ಹನ್ನೆರಡು ಅಂಕಿಗಳ ಒಂದು ಸಂಖ್ಯೆ. ನಮ್ಮ ಕೈಯಲ್ಲಿರುವ ಕಾರ್ಡು ಆ ಸಂಖ್ಯೆಯನ್ನು ತೋರಿಸುವ ಕಾಗದ ಮಾತ್ರ. ನಿಜವಾದ ದಾಖಲೆ ಇರುವುದು ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರದ ಕಂಪ್ಯೂಟರಿನಲ್ಲಿ. ಹೆಸರು, ಜನ್ಮ ದಿನಾಂಕ, ಲಿಂಗ, ವಿಳಾಸ, ಭಾವಚಿತ್ರ, ಹತ್ತು ಬೆರಳುಗಳ ಗುರುತು ಮತ್ತು ಎರಡು ಕಣ್ಣುಗಳ ಪಾಪೆಯ ಚಿತ್ರ ಅಲ್ಲಿರುತ್ತವೆ. ಈ ಪ್ರಾಧಿಕಾರ ಸ್ಥಾಪನೆಯಾದದ್ದು 2009ರಲ್ಲಿ. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಭ್ಲಿ ಗ್ರಾಮದಲ್ಲಿ ನೀಡಲಾಯಿತು. ಇದಕ್ಕೆ ಕಾನೂನಿನ ಬಲ ಬಂದದ್ದು 2016ರ ಆಧಾರ್ ಕಾಯಿದೆಯಿಂದ.

ಈ ಯೋಜನೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಮುಖ್ಯರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಕೋರ್ಟು ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತಾದರೂ ಅದಕ್ಕೆ ಕೆಲವು ಮಿತಿಗಳನ್ನು ಹಾಕಿತು. ಸರಕಾರದ ಸಹಾಯಧನ ಹಾಗೂ ಆದಾಯ ತೆರಿಗೆಯ ವಿಷಯದಲ್ಲಿ ಆಧಾರ್ ಕೇಳಬಹುದು. ಶಾಲೆಗೆ ಸೇರಿಸಿಕೊಳ್ಳಲು, ಬ್ಯಾಂಕ್ ಖಾತೆ ತೆರೆಯಲು ಅಥವಾ ಮೊಬೈಲ್ ಸಿಮ್ ನೀಡಲು ಅದನ್ನು ಕಡ್ಡಾಯ ಮಾಡುವಂತಿಲ್ಲ. ನಮ್ಮ ಶಾಲೆಗಳನ್ನು ನಡೆಸುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನೊಂದು ಮಾತು. ಆಧಾರ್ ಪೌರತ್ವದ ಪುರಾವೆಯಲ್ಲ, ಜನ್ಮ ದಿನಾಂಕದ ಪುರಾವೆಯೂ ಅಲ್ಲ. ವ್ಯಕ್ತಿಯ ಗುರುತಿಗೆ ಮಾತ್ರ ಅದು ಪುರಾವೆ.

ಜನನ ಪತ್ರವೇ ಬುನಾದಿ

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ-ಮರಣ ನೋಂದಣಿ ತಿದ್ದುಪಡಿ ಕಾಯಿದೆಯ ಪ್ರಕಾರ, ಆ ದಿನ ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಆಧಾರ್ ಪಡೆಯಲು ಸರಕಾರದ ಜನನ ಪ್ರಮಾಣಪತ್ರವೇ ಜನ್ಮ ದಿನಾಂಕದ ಪುರಾವೆ. ಜ್ಞಾನಸ್ನಾನದ ಪತ್ರ ಒಂದು ಸಂಸ್ಕಾರದ ದಾಖಲೆ. ಅದು ಜನನ ಪತ್ರದ ಜಾಗದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮಗುವಿನ ಜನನ ನೋಂದಣಿಯನ್ನು ಹುಟ್ಟಿದ 21 ದಿನಗಳೊಳಗೆ ಮಾಡಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು. ಆದರೆ ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಜ್ಞಾನಸ್ನಾನದಲ್ಲಿ ಹೆಸರಿಟ್ಟ ಮೇಲೆ, ಅದೇ ಹೆಸರನ್ನು ಅದೇ ಅಕ್ಷರಗಳಲ್ಲಿ ಜನನ ಪತ್ರಕ್ಕೆ ಸೇರಿಸುವ ಕೆಲಸ ತಂದೆ-ತಾಯಿಯದು. ಹಲವು ಮನೆಗಳಲ್ಲಿ ಇದು ಮರೆತುಹೋಗುತ್ತದೆ.

ಜನನ ನೋಂದಣಿಯೇ ಆಗದ ಹಿರಿಯರ ಸಮಸ್ಯೆ ಬೇರೆ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು 2023ರ ತಿದ್ದುಪಡಿಯ ಬಳಿಕ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಅಲ್ಲಿ ಚರ್ಚಿನ ಹಳೆಯ ಪುಸ್ತಕದ ನಮೂದು ಪೂರಕ ದಾಖಲೆಯಾಗಿ ನೆರವಿಗೆ ಬರಬಹುದು. ಜ್ಞಾನಸ್ನಾನದ ಪತ್ರದ ನಿಜವಾದ ಉಪಯೋಗ ಇಲ್ಲಿದೆ, ಆಧಾರ್ ಕೇಂದ್ರದಲ್ಲಲ್ಲ.

ಒಬ್ಬರಿಗೆ ನಾಲ್ಕು ಹೆಸರು

ನಮ್ಮ ಕರಾವಳಿಯ ಕಥೋಲಿಕರಲ್ಲಿ ಹೆಸರಿನ ಗೊಂದಲ ಸ್ವಲ್ಪ ಹೆಚ್ಚೇ ಎನ್ನಬೇಕು. ಚರ್ಚಿನ ಪುಸ್ತಕದಲ್ಲಿ ಮರಿಯಾ, ಶಾಲೆಯಲ್ಲಿ ಮೇರಿ, ರೇಷನ್ ಕಾರ್ಡಿನಲ್ಲಿ ಮೇರಿ ಬಾಯಿ, ಬ್ಯಾಂಕಿನಲ್ಲಿ ಗಂಡನ ಹೆಸರಿನೊಂದಿಗೆ ಇನ್ನೊಂದು ಬಗೆ. ಡಿಸೋಜ ಎಂಬ ಒಂದೇ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಕೊಂಬು ಹಾಕಿ, ಕೊಂಬಿಲ್ಲದೆ, ನಡುವೆ ಜಾಗ ಬಿಟ್ಟು, ಬಿಡದೆ, ಹೀಗೆ ಹಲವು ರೀತಿ ಬರೆಯುತ್ತಾರೆ. ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರಾದ್ದರಿಂದ ಹಿಂದೆ ಇದರಿಂದ ತೊಂದರೆಯಾಗುತ್ತಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ ಬದಲಾದರೂ ಅದು ಬೇರೆಯೇ ಹೆಸರು. ಪ್ಯಾನ್ ಜೋಡಣೆ, ವಿದ್ಯಾರ್ಥಿವೇತನ, ವೃದ್ಧಾಪ್ಯ ಮತ್ತು ವಿಧವಾ ವೇತನ, ಭವಿಷ್ಯನಿಧಿ, ಇವೆಲ್ಲ ಸಿಕ್ಕಿಬೀಳುವುದು ಇಲ್ಲೇ.

ತಪ್ಪನ್ನು ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದೆಂದು ತಿಳಿಯಬೇಡಿ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಾಯಿಸಲು ಅವಕಾಶವಿದೆ. ಅದಕ್ಕೂ ಮೀರಿದರೆ ವಿಶೇಷ ಕಾರಣ ತೋರಿಸಿ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯ ಒಪ್ಪಿಗೆ ಪಡೆಯಬೇಕು. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನಲ್ಲಿದೆ. ಮದುವೆಯ ನಂತರ ಅಡ್ಡಹೆಸರು ಬದಲಿಸುವ ಹೆಣ್ಣುಮಕ್ಕಳು ಇದನ್ನು ಯೋಚಿಸಿ ನಿರ್ಧರಿಸಬೇಕು. ಬದಲಿಸುವುದಾದರೆ ಸರಕಾರಿ ನೋಂದಣಿಯ ವಿವಾಹ ಪ್ರಮಾಣಪತ್ರ ಪಡೆದುಕೊಂಡು, ಪಾಸ್‌ಪೋರ್ಟ್, ಪ್ಯಾನ್, ಬ್ಯಾಂಕ್ ಎಲ್ಲದರಲ್ಲೂ ಒಂದೇ ರೀತಿ ಬದಲಿಸಿ. ಬದಲಿಸದಿದ್ದರೂ ತಪ್ಪೇನಿಲ್ಲ. ಗಂಡನ ಮನೆಯ ವಿಳಾಸವನ್ನಷ್ಟೇ ಸೇರಿಸಲು ಕುಟುಂಬದ ಯಜಮಾನರ ಒಪ್ಪಿಗೆಯ ಮೇರೆಗೆ ವಿಳಾಸ ಬದಲಿಸುವ ಸೌಲಭ್ಯ 2023ರಿಂದ ಇದೆ.

ಕೇಂದ್ರದಲ್ಲಿ ನಡೆಯುವುದು

ನೋಂದಣಿ ಕೇಂದ್ರಗಳು ಆಯ್ದ ಅಂಚೆ ಕಚೇರಿ, ಬ್ಯಾಂಕ್ ಶಾಖೆ, ನಾಡಕಚೇರಿ ಮುಂತಾದೆಡೆ ಇವೆ. ಗುರುತು, ವಿಳಾಸ ಮತ್ತು ಜನ್ಮ ದಿನಾಂಕದ ಮೂಲ ದಾಖಲೆಗಳನ್ನು ಒಯ್ಯಿರಿ. ಅವನ್ನು ಸ್ಕ್ಯಾನ್ ಮಾಡಿ ಅಲ್ಲೇ ಹಿಂತಿರುಗಿಸುತ್ತಾರೆ. ಹೊಸ ನೋಂದಣಿಗೆ ಶುಲ್ಕವಿಲ್ಲ. ತಿದ್ದುಪಡಿಗೆ 2025ರ ಅಕ್ಟೋಬರ್ 1ರಿಂದ ಹೆಸರು, ವಿಳಾಸ ಮುಂತಾದವುಗಳಿಗೆ 75 ರೂಪಾಯಿ, ಬೆರಳಚ್ಚು, ಭಾವಚಿತ್ರ ಮುಂತಾದವುಗಳಿಗೆ 125 ರೂಪಾಯಿ ನಿಗದಿಯಾಗಿದೆ. ಹೆಚ್ಚು ಕೇಳಿದರೆ 1947 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು.

ಅತಿ ಮುಖ್ಯವಾದ ಕ್ಷಣ ಯಾವುದೆಂದರೆ, ಸಿಬ್ಬಂದಿ ನಿಮ್ಮ ವಿವರಗಳನ್ನು ಟೈಪ್ ಮಾಡಿ ಪರದೆಯನ್ನು ನಿಮಗೆ ತೋರಿಸುವ ಕ್ಷಣ. ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಿರುಗಿಸುವುದು ಕಂಪ್ಯೂಟರ್. ನಮ್ಮ ಹೆಸರುಗಳ ಪರಿಚಯ ಅದಕ್ಕಿಲ್ಲ. ಎರಡೂ ಭಾಷೆಗಳಲ್ಲಿ ಅಕ್ಷರ ಅಕ್ಷರವಾಗಿ ಓದಿ ನೋಡಿ. ಕಣ್ಣು ಮಂಜಾದವರು, ಓದು ಬಾರದವರು ಮನೆಯ ಮಕ್ಕಳನ್ನು ಜೊತೆಗೆ ಕರೆದೊಯ್ಯಲಿ. ಕೊನೆಗೆ ಕೊಡುವ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿ, ಅರ್ಜಿ ಎಲ್ಲಿಗೆ ಬಂತೆಂದು ನೋಡಲು ಅದರಲ್ಲಿರುವ ನೋಂದಣಿ ಸಂಖ್ಯೆ ಬೇಕು. ಹದಿನೆಂಟು ದಾಟಿದವರ ಹೊಸ ಅರ್ಜಿಯನ್ನು ರಾಜ್ಯ ಸರಕಾರದ ಮಟ್ಟದಲ್ಲೂ ಪರಿಶೀಲಿಸುವುದರಿಂದ ಆರು ತಿಂಗಳವರೆಗೆ ಹಿಡಿಯಬಹುದು.

ಮಕ್ಕಳಿಗೆ

ಐದು ವರ್ಷದೊಳಗಿನ ಮಕ್ಕಳಿಗೆ ನೀಲಿ ಬಣ್ಣದ ಬಾಲ ಆಧಾರ್ ಕೊಡುತ್ತಾರೆ. ಇದಕ್ಕೆ ಬೆರಳಚ್ಚು ಪಡೆಯುವುದಿಲ್ಲ. ಮಗುವಿನ ಭಾವಚಿತ್ರ, ಜನನ ಪತ್ರ ಮತ್ತು ತಂದೆ ಅಥವಾ ತಾಯಿಯ ಆಧಾರ್ ಸಾಕು. ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಬೆರಳಚ್ಚು ಮತ್ತು ಕಣ್ಣಿನ ಪಾಪೆಯನ್ನು ದಾಖಲಿಸಬೇಕು. ಐದರಿಂದ ಏಳು ಹಾಗೂ ಹದಿನೈದರಿಂದ ಹದಿನೇಳರ ನಡುವೆ ಮಾಡಿಸಿದರೆ ಇದಕ್ಕೆ ಶುಲ್ಕವಿಲ್ಲ. ಏಳು ದಾಟಿಯೂ ಮಾಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುವ ಸಂಭವವಿದೆ.

ಗಲ್ಫ್‌ನಲ್ಲಿರುವವರಿಗೆ

ವಿದೇಶದಲ್ಲಿರುವ ನಮ್ಮವರು ರಜೆಯಲ್ಲಿ ಊರಿಗೆ ಬಂದಾಗ ಆಧಾರ್ ಮಾಡಿಸಬಹುದು. ಇತರರಿಗೆ ಅರ್ಜಿಯ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಾಗಿರಬೇಕೆಂಬ ನಿಯಮವಿದೆ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೆ 2019ರಿಂದ ಈ ಷರತ್ತು ಇಲ್ಲ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಇಮೇಲ್ ವಿಳಾಸ ಕಡ್ಡಾಯ. ಅಲ್ಲೇ ಹುಟ್ಟಿದ ಮಗುವಾದರೆ ಮಗುವಿನ ಭಾರತೀಯ ಪಾಸ್‌ಪೋರ್ಟ್ ಬೇಕು. ವಿದೇಶಿ ನಾಗರಿಕತೆ ಪಡೆದವರಿಗೆ ಮತ್ತು ಓಸಿಐ ಕಾರ್ಡುದಾರರಿಗೆ 182 ದಿನಗಳ ನಿಯಮ ಅನ್ವಯಿಸುತ್ತದೆ.

ಹಿರಿಯರು ಮತ್ತು ದುಡಿಯುವ ಕೈಗಳು

ಬೀಡಿ ಕಟ್ಟಿದವರ, ಬಲೆ ಎಳೆದವರ, ಅಡಿಕೆ ಸುಲಿದವರ ಬೆರಳುಗಳ ಗೆರೆ ಸವೆದಿರುತ್ತದೆ. ರೇಷನ್ ಅಂಗಡಿಯ ಯಂತ್ರ ಅವರನ್ನು ಗುರುತಿಸದೆ ಹಿಂದೆ ಕಳುಹಿಸುವುದುಂಟು. ಜೀವನವಿಡೀ ದುಡಿದ ಕೈಗೆ ಅಕ್ಕಿ ಸಿಗದೇ ಹೋಗುವುದು ಅನ್ಯಾಯ, ನಿಯಮಕ್ಕೂ ವಿರುದ್ಧ. ಬೆರಳಚ್ಚು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಸವಲತ್ತು ನಿರಾಕರಿಸಬಾರದೆಂದು ಪ್ರಾಧಿಕಾರ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಕಣ್ಣಿನ ಪಾಪೆ ಅಥವಾ ಮೊಬೈಲಿಗೆ ಬರುವ ಓಟಿಪಿ ಮೂಲಕವೂ ಗುರುತು ಖಚಿತಪಡಿಸಬಹುದು; ಆದುದರಿಂದ ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಜೋಡಿಸಿರಬೇಕು. ಬೆರಳು ಅಥವಾ ಕಣ್ಣು ಕಳೆದುಕೊಂಡವರಿಗೂ ನೋಂದಣಿಯಲ್ಲಿ ವಿನಾಯಿತಿ ಇದೆ. ಹಾಸಿಗೆ ಹಿಡಿದವರಿಗೆ ಶುಲ್ಕ ನೀಡಿ ಮನೆಯಲ್ಲೇ ಸೇವೆ ಪಡೆಯಲು ಪ್ರಾದೇಶಿಕ ಕಚೇರಿಗೆ ಬರೆಯಬಹುದು. ಮಾನ್ಯತೆ ಪಡೆದ ಅನಾಥಾಲಯ, ಆಶ್ರಯ ಧಾಮಗಳಲ್ಲಿರುವವರಿಗೆ ಸಂಸ್ಥೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪತ್ರ ನಡೆಯುತ್ತದೆ. ನಮ್ಮ ಧರ್ಮಭಗಿನಿಯರು ನಡೆಸುವ ಆಶ್ರಮಗಳು ಇದನ್ನು ಬಳಸಿಕೊಳ್ಳಬೇಕು.

ಜೋಪಾನ

ಓಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಪೂರ್ತಿ ಸಂಖ್ಯೆ ಅಗತ್ಯವಿಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಪಡೆದು ಕೊಡಿ. ಬೆರಳಚ್ಚು ದುರುಪಯೋಗವಾಗದಂತೆ ಅಲ್ಲೇ ಬೀಗ ಹಾಕಿಡುವ ಸೌಲಭ್ಯವೂ ಇದೆ. ಧರ್ಮಕೇಂದ್ರದ ಸಂಘ-ಸಂಸ್ಥೆಗಳು ಸದಸ್ಯರ ಆಧಾರ್ ಪ್ರತಿಗಳನ್ನು ಸುಮ್ಮನೆ ಕೇಳಿ ಕಪಾಟಿನಲ್ಲಿ ರಾಶಿ ಹಾಕುವುದು ಬೇಡ.

ಧರ್ಮಕೇಂದ್ರಗಳು ಏನು ಮಾಡಬಹುದು?

ಮಗುವಿನ ಜ್ಞಾನಸ್ನಾನಕ್ಕೆ ಹೆಸರು ಕೊಡಲು ಬಂದ ದಂಪತಿಗೆ ಕಚೇರಿಯಲ್ಲೇ ಜನನ ಪತ್ರದ ಪ್ರತಿ ತರಲು ಹೇಳಿ, ಎರಡರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿರುವಂತೆ ನೋಡಿಕೊಳ್ಳಬಹುದು. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರ ಆಧಾರ್, ರೇಷನ್ ಕಾರ್ಡ್ ಮತ್ತು ಬ್ಯಾಂಕ್ ಪುಸ್ತಕದಲ್ಲಿರುವ ಹೆಸರು ಒಂದೇ ಆಗಿದೆಯೇ ಎಂದು ವರ್ಷಕ್ಕೊಮ್ಮೆ ವಿಚಾರಿಸಲಿ. ಯುವಜನ ಸಂಘಟನೆಯವರು ಅಂಥವರನ್ನು ಕೇಂದ್ರಕ್ಕೆ ಕರೆದೊಯ್ದು ಕರೆತರಲಿ. ಯೋಸೇಫ ಮತ್ತು ಗರ್ಭಿಣಿ ಮರಿಯಮ್ಮ ಹೆಸರು ಬರೆಸಲು ಬೆತ್ಲೆಹೇಮಿಗೆ ನಡೆದು ಹೋದಾಗ ಅವರಿಗೆ ತಂಗಲು ಜಾಗ ಸಿಗಲಿಲ್ಲವೆಂದು ಪ್ರತಿ ಕ್ರಿಸ್ಮಸ್‌ಗೆ ನಾವು ಕೇಳುತ್ತೇವೆ. ಹೆಸರು ಬರೆಸಲು ಹೊರಟ ನಮ್ಮ ಬಡವರಿಗೆ ಜೊತೆಯಾಗಿ ಹೋಗುವವರು ಒಬ್ಬರಾದರೂ ಪ್ರತಿ ವಾಳೆಯಲ್ಲಿರಲಿ ಎಂಬುದು ನಮ್ಮ ವಿನಂತಿ.